ಬ್ಯಾಡ್ಜಿನ ಮೇಲಿನ ಶಿಲುಬೆ

ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ, ಅದರಲ್ಲೂ ಅಲಬಾಮಾ, ಮಿಸಿಸಿಪ್ಪಿ, ಟೆಕ್ಸಸ್‌ನಂಥ ದಕ್ಷಿಣದ ರಾಜ್ಯಗಳಲ್ಲಿ, ತರಗತಿಗಳು ಶುರುವಾಗುವ ಹೊತ್ತಿಗೆ ಇನ್ನೊಂದು ಆಯ್ಕೆಯೂ ನಡೆದಿರುತ್ತದೆ. ಗ್ರೀಕ್ ಅಕ್ಷರಗಳ ಹೆಸರು ಹೊತ್ತ ಫ್ರೆಟರ್ನಿಟಿಗಳು ಹುಡುಗರನ್ನೂ ಸೊರೊರಿಟಿಗಳು ಹುಡುಗಿಯರನ್ನೂ ಆರಿಸಿಕೊಳ್ಳುವ ‘ರಷ್’ ಅದು. ಇವು ನಮ್ಮ ಹಾಸ್ಟೆಲ್ಲುಗಳಂತಲ್ಲ, ವಿದ್ಯಾರ್ಥಿ ಸಂಘಗಳಂತೆಯೂ ಅಲ್ಲ. ಸ್ವಂತ ಮನೆ, ಸ್ವಂತ ನಿಯಮಾವಳಿ, ಹಳೆಯ ಸದಸ್ಯರ ಹಣಬಲ, ಹೊಸಬರನ್ನು ಒಳಗೆ ಬಿಡಬೇಕೋ ಬೇಡವೋ ಎಂದು ಮತ ಹಾಕುವ ಅಧಿಕಾರ, ಒಳಗೆ ಬಂದವರಿಗೆ ಗುಟ್ಟಿನ ದೀಕ್ಷೆ, ಇಷ್ಟೂ ಇರುವ ಕೂಟಗಳು. ಚರ್ಚಿನಲ್ಲಿ ಬೆಳೆದ ಹದಿನೆಂಟರ ಹುಡುಗನೋ ಹುಡುಗಿಯೋ ಇಂಥ ಮನೆಗೆ ಸೇರಿದಾಗ ಪಾಸ್ಟರು, ತಂದೆತಾಯಿ, ಕ್ಯಾಂಪಸ್ಸಿನ ಕ್ರೈಸ್ತ ಕಾರ್ಯಕರ್ತರು ಹೇಳುವ ಬುದ್ಧಿಮಾತು ಸಾಮಾನ್ಯವಾಗಿ ಒಂದೇ: ನಂಬಿಕೆಯನ್ನು ಮುಚ್ಚಿಡಬೇಡ. ಊಟಕ್ಕೆ ಮುಂಚೆ ಪ್ರಾರ್ಥಿಸಲು ನಾಚಬೇಡ, ಮನೆಯಲ್ಲೇ ಬೈಬಲ್ ಅಧ್ಯಯನ ನಡೆಸು, ಪಾರ್ಟಿಯಲ್ಲಿ ಕುಡಿಯಬೇಡ, ಕೇಳಿದವರಿಗೆ ಯೇಸುವಿನ ವಿಷಯ ಹೇಳು. ಇದರಲ್ಲಿ ತಪ್ಪೇನಿಲ್ಲ. ಆದರೆ ಆ ಮನೆಗಳ ಚರಿತ್ರೆಯನ್ನು ನೋಡದೆ ಹೇಳುವ ಮಾತಿದು ಎಂದು ನನಗನಿಸುತ್ತದೆ. ಅಲ್ಲಿ ಕ್ರೈಸ್ತ ಗುರುತು ಅಡಗಿಕೊಂಡಿದ್ದ ಕಾಲ ಕಡಿಮೆ. ಬ್ಯಾಡ್ಜಿನಲ್ಲಿ, ಲಾಂಛನದಲ್ಲಿ, ಪ್ರಾರ್ಥನೆಯಲ್ಲಿ ಅದು ಎದ್ದು ಕಾಣುತ್ತಲೇ ಇತ್ತು. ಅಡಗಿದ್ದದ್ದು ಬೇರೆ. ಯಾರನ್ನು ಯಾವ ಕಾರಣಕ್ಕೆ ಹೊರಗಿಟ್ಟರು, ಹೊಸಬರಿಗೆ ರಾತ್ರಿ ಹೊತ್ತು ಏನು ಮಾಡಿದರು ಎಂಬುದು. ಆ ಮನೆಗಳಲ್ಲಿ ನಂಬಿಕೆಯನ್ನು ಬಹಿರಂಗವಾಗಿ ಬಾಳುವುದೆಂದರೆ ಮೊದಲು ಈ ಮುಚ್ಚಿಟ್ಟ ಜಾಗದಲ್ಲಿ ಬಾಯಿ ತೆರೆಯುವುದು ಎಂಬುದೇ ನನ್ನ ವಾದ.

ಚರಿತ್ರೆಯಿಂದಲೇ ಶುರುಮಾಡೋಣ. 1776ರ ಡಿಸೆಂಬರಿನಲ್ಲಿ ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನ ವಿದ್ಯಾರ್ಥಿಗಳು ಫೈ ಬೀಟಾ ಕಪ್ಪಾ ಎಂಬ ಕೂಟ ಕಟ್ಟಿದರು. ಗ್ರೀಕ್ ಅಕ್ಷರಗಳ ಹೆಸರು, ಗುಟ್ಟಿನ ಹಸ್ತಲಾಘವ, ಪ್ರಮಾಣವಚನ ಇವೆಲ್ಲ ಅಲ್ಲಿಂದ ಬಂದವು. ಅದು ಮುಂದೆ ಪ್ರತಿಭಾವಂತರನ್ನು ಗೌರವಿಸುವ ಸಂಸ್ಥೆಯಾಗಿ ಬದಲಾಯಿತು. ಆದರೆ 1825ರಿಂದ ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನಲ್ಲಿ ಹುಟ್ಟಿದ ಕೂಟಗಳು ಅದೇ ಅಚ್ಚನ್ನು ಹಿಡಿದು ಇಂದಿನ ಫ್ರೆಟರ್ನಿಟಿಗಳಿಗೆ ದಾರಿಮಾಡಿದವು. ಹೆಸರು ಗ್ರೀಕಿನದಾದರೂ ಒಳಗಿನ ಭಾಷೆಯಲ್ಲಿ ಪ್ರೊಟೆಸ್ಟೆಂಟ್ ಛಾಯೆ ದಟ್ಟವಾಗಿತ್ತು. 1855ರಲ್ಲಿ ಒಹಾಯೊದ ಮಯಾಮಿ ವಿಶ್ವವಿದ್ಯಾಲಯದಲ್ಲಿ ಶುರುವಾದ ಸಿಗ್ಮಾ ಕೈ ಶಿಲುಬೆಯನ್ನೇ ಬ್ಯಾಡ್ಜ್ ಮಾಡಿಕೊಂಡಿತು; ಯುದ್ಧಕ್ಕೆ ಮುಂಚೆ ಚಕ್ರವರ್ತಿ ಕಾನ್‌ಸ್ಟಂಟೈನ್ ಶಿಲುಬೆಯ ದರ್ಶನ ಪಡೆದ ಕಥೆಯಿಂದ ತನ್ನ ಧ್ಯೇಯವಾಕ್ಯವನ್ನು ತೆಗೆದುಕೊಂಡಿತು. (ಸೋತು ಸತ್ತವನ ಗುರುತನ್ನು ಗೆದ್ದವರ ಲಾಂಛನವಾಗಿಸಿದ ದೊರೆಯ ಕಥೆಯೇ ಇವರಿಗೆ ಹಿಡಿಸಿತು ಎಂಬುದರಲ್ಲಿ ಒಂದು ಸೂಚನೆ ಇದೆ.) ಅಂತರ್ಯುದ್ಧ ಮುಗಿದ ವರ್ಷ, 1865ರಲ್ಲಿ, ರಿಚ್‌ಮಂಡ್ ನಗರದಲ್ಲಿ ಹುಟ್ಟಿದ ಆಲ್ಫಾ ಟೌ ಒಮೆಗಾ ಇನ್ನೂ ಮುಂದೆ ಹೋಯಿತು. ಅದರ ಸ್ಥಾಪಕರಲ್ಲಿ ಮುಖ್ಯನಾದ ಓಟಿಸ್ ಗ್ಲೇಜ್‌ಬ್ರೂಕ್ ಸೋತ ದಕ್ಷಿಣದ ಪರ ಹೋರಾಡಿದ್ದ ತರುಣ, ಮುಂದೆ ಎಪಿಸ್ಕೋಪಲ್ ಪಾದ್ರಿಯಾದವನು. ಉತ್ತರ ದಕ್ಷಿಣಗಳ ನಡುವಿನ ದ್ವೇಷವನ್ನು ಕ್ರೈಸ್ತ ಸಹೋದರತ್ವದಿಂದ ಅಳಿಸಬೇಕೆಂಬುದು ಅವನ ಆಸೆ. ಇಂದಿಗೂ ಎಷ್ಟೋ ಕೂಟಗಳಲ್ಲಿ ‘ಚಾಪ್ಲಿನ್’ ಎಂಬ ಪದಾಧಿಕಾರಿ ಇದ್ದಾನೆ. ಸಭೆಯ ಮೊದಲಿಗೋ ಕೊನೆಗೋ ಪ್ರಾರ್ಥನೆ ಹೇಳುವುದು ಅವನ ಕೆಲಸ.

ಇಷ್ಟೆಲ್ಲ ಇದ್ದೂ ಏನಾಯಿತು ನೋಡಿ. ಸಹೋದರತ್ವದ ಈ ಮನೆಗಳು ಯಹೂದಿ ವಿದ್ಯಾರ್ಥಿಗಳಿಗೆ ಬಾಗಿಲು ಮುಚ್ಚಿದ್ದರಿಂದ ಅವರು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಝೀಟಾ ಬೀಟಾ ಟೌನಂಥ ತಮ್ಮದೇ ಕೂಟಗಳನ್ನು ಕಟ್ಟಿಕೊಂಡರು. ಕ್ಯಾಥೊಲಿಕರೂ 1889ರಲ್ಲಿ ಬ್ರೌನ್ ವಿಶ್ವವಿದ್ಯಾಲಯದಲ್ಲಿ ತಮ್ಮದೊಂದು ಕೂಟ ಮಾಡಿಕೊಂಡರು. ಕರಿಯ ವಿದ್ಯಾರ್ಥಿಗಳು 1906ರಲ್ಲಿ ಕಾರ್ನೆಲ್‌ನಲ್ಲಿ ಆಲ್ಫಾ ಫೈ ಆಲ್ಫಾವನ್ನೂ 1908ರಲ್ಲಿ ಹಾವರ್ಡ್‌ನಲ್ಲಿ ಮಹಿಳೆಯರ ಆಲ್ಫಾ ಕಪ್ಪಾ ಆಲ್ಫಾವನ್ನೂ ಆರಂಭಿಸಿದರು. ಸದಸ್ಯರು ಬಿಳಿಯರೇ ಆಗಿರಬೇಕು, ಕ್ರೈಸ್ತರೇ ಆಗಿರಬೇಕು ಎಂಬ ಲಿಖಿತ ನಿಯಮಗಳು ಹಲವು ರಾಷ್ಟ್ರೀಯ ಫ್ರೆಟರ್ನಿಟಿಗಳಲ್ಲಿ ಎರಡನೆಯ ಮಹಾಯುದ್ಧ ಮುಗಿದ ಮೇಲೂ ಉಳಿದಿದ್ದವು. 1948ರಲ್ಲಿ ಆಮ್ಹರ್ಸ್ಟ್ ಕಾಲೇಜಿನ ಫೈ ಕಪ್ಪಾ ಸೈ ಚಾಪ್ಟರು (ಅಂದರೆ ಸ್ಥಳೀಯ ಶಾಖೆ) ಒಬ್ಬ ಕರಿಯ ವಿದ್ಯಾರ್ಥಿಯನ್ನು ಸೇರಿಸಿಕೊಂಡಾಗ ರಾಷ್ಟ್ರೀಯ ಸಂಸ್ಥೆ ಆ ಚಾಪ್ಟರನ್ನೇ ಹೊರಹಾಕಿತು. ಹುಡುಗರು ಜಗ್ಗಲಿಲ್ಲ, ಬೇರೆ ಹೆಸರಿನಲ್ಲಿ ಸ್ವತಂತ್ರ ಕೂಟವಾಗಿ ಉಳಿದರು. 1965ರಲ್ಲಿ ಸ್ಟ್ಯಾನ್‌ಫರ್ಡಿನ ಸಿಗ್ಮಾ ಕೈ ಚಾಪ್ಟರು ಕರಿಯ ವಿದ್ಯಾರ್ಥಿಯೊಬ್ಬನನ್ನು ತೆಗೆದುಕೊಂಡ ಬೆನ್ನಿಗೇ ಅಮಾನತಾಯಿತು. ಕಾರಣ ಅದಲ್ಲ ಎಂದು ಕೇಂದ್ರ ಕಚೇರಿ ಹೇಳಿತು, ನಂಬಿದವರು ಕಡಿಮೆ. ಶಿಲುಬೆಯ ಬ್ಯಾಡ್ಜನ್ನು ಎದೆಯ ಮೇಲೆ ಧರಿಸಿದವರೇ ಆ ಅಮಾನತಿಗೆ ಸಹಿ ಹಾಕಿದ್ದು. ಧರ್ಮದ ಗುರುತನ್ನು ಎಲ್ಲರಿಗೂ ಕಾಣುವಂತೆ ಇಟ್ಟುಕೊಳ್ಳುವುದಕ್ಕೂ ಆ ಧರ್ಮ ಕೇಳುವುದನ್ನು ಮಾಡುವುದಕ್ಕೂ ನಡುವೆ ಎಷ್ಟು ದೂರ ಇರಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಗುರುತಿನ ಕ್ರೈಸ್ತಧರ್ಮ ಸಾಲದು, ಮನಸ್ಸು ಮಾರ್ಪಡಬೇಕು ಎಂದು ಹೇಳಿದ ಚಳವಳಿಗಳೂ ಬಂದವು. 1951ರಲ್ಲಿ ಬಿಲ್ ಬ್ರೈಟ್ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ‘ಕ್ಯಾಂಪಸ್ ಕ್ರುಸೇಡ್’ ಆರಂಭಿಸಿದಾಗ ಅವರ ಕಣ್ಣು ಮೊದಲು ಬಿದ್ದದ್ದು ವಿದ್ಯಾರ್ಥಿ ನಾಯಕರ ಮೇಲೆ, ಕ್ರೀಡಾಪಟುಗಳ ಮೇಲೆ, ಫ್ರೆಟರ್ನಿಟಿ ಸೊರೊರಿಟಿಗಳ ಮೇಲೆ. ಇವತ್ತು ಇಂಟರ್‌ವಾರ್ಸಿಟಿ ಎಂಬ ಕ್ರೈಸ್ತ ವಿದ್ಯಾರ್ಥಿ ಸಂಸ್ಥೆಯೂ ಗ್ರೀಕ್ ಮನೆಗಳಿಗೆಂದೇ ಪ್ರತ್ಯೇಕ ಸೇವಾವಿಭಾಗ ಇಟ್ಟಿದೆ. ಈ ಕೆಲಸದಿಂದ ಎಷ್ಟೋ ಎಳೆಯರಿಗೆ ಕುಡಿತದ ಒತ್ತಡವನ್ನು ತಡೆದುಕೊಳ್ಳಲು ನಾಲ್ಕು ಜನ ಜೊತೆಗಾರರು ಸಿಕ್ಕಿದ್ದಾರೆ, ಅದನ್ನು ಕಡೆಗಣಿಸಲಾಗದು. ಆದರೆ ಇಲ್ಲಿಯೂ ನಂಬಿಕೆ ಎಂದರೆ ಒಬ್ಬೊಬ್ಬರ ಖಾಸಗಿ ನಡತೆ ಮತ್ತು ಬಾಯಿಮಾತಿನ ಸಾಕ್ಷಿ ಎಂಬ ತಿಳುವಳಿಕೆಯೇ ಗಟ್ಟಿ. ಮನೆ ಒಟ್ಟಾಗಿ ಮಾಡುವ ತಪ್ಪು ಆ ಲೆಕ್ಕಕ್ಕೆ ಸುಲಭವಾಗಿ ಸಿಗುವುದಿಲ್ಲ. 2013ರ ಸೆಪ್ಟೆಂಬರಿನಲ್ಲಿ ಅಲಬಾಮಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆ ಒಂದು ವರದಿ ಮಾಡಿತು: ಎಲ್ಲ ಅರ್ಹತೆ ಇದ್ದ ಕರಿಯ ವಿದ್ಯಾರ್ಥಿನಿಯೊಬ್ಬಳನ್ನು ಬಿಳಿಯ ಸೊರೊರಿಟಿಗಳು ಕೈಬಿಟ್ಟಿದ್ದವು, ಹಳೆಯ ಸದಸ್ಯೆಯರ ಒತ್ತಡ ಅದರ ಹಿಂದಿತ್ತು. ಅದೇ ವಿಶ್ವವಿದ್ಯಾಲಯದ ಬಾಗಿಲಲ್ಲಿ ಗವರ್ನರ್ ಜಾರ್ಜ್ ವಾಲೇಸ್ ಕರಿಯ ವಿದ್ಯಾರ್ಥಿಗಳನ್ನು ತಡೆಯಲು ನಿಂತು ಆಗ ಸರಿಯಾಗಿ 50 ವರ್ಷ ಆಗಿತ್ತು. ಅಮೆರಿಕದಲ್ಲಿ ಚರ್ಚಿಗೆ ಅತಿ ಹೆಚ್ಚು ಜನ ಹೋಗುವ ರಾಜ್ಯಗಳಲ್ಲಿ ಅಲಬಾಮಾವೂ ಒಂದು. ಆ ಮನೆಗಳಲ್ಲಿ ಪ್ರಾರ್ಥನೆಗೆ ಕೊರತೆ ಇದ್ದಿರಲಾರದು. ವರದಿಯ ನಂತರ ಆಡಳಿತ ಮಧ್ಯೆ ಬಂತು, ಕರಿಯ ಹುಡುಗಿಯರಿಗೂ ಆಹ್ವಾನ ಹೋಯಿತು. ಪರಿಸ್ಥಿತಿ ತಿರುಗಿದ್ದು ಒಬ್ಬ ಸದಸ್ಯೆ ತನ್ನ ಹೆಸರು ಕೊಟ್ಟು ಪತ್ರಿಕೆಯೊಂದಿಗೆ ಮಾತಾಡಿದ್ದರಿಂದ. ಆಕೆ ಧರ್ಮದ ಹೆಸರು ಹಿಡಿದು ಮಾತಾಡಿದಳು ಎಂದು ನಾನು ಹೇಳುತ್ತಿಲ್ಲ. ಆ ವಾರ ಆ ಊರಿನಲ್ಲಿ ಕ್ರೈಸ್ತಳೊಬ್ಬಳು ಮಾಡಬೇಕಾಗಿದ್ದ ಕೆಲಸ ಅದೇ ಆಗಿತ್ತು ಎನ್ನುತ್ತಿದ್ದೇನೆ.

ಇಲ್ಲಿಗೆ ಮೊದಲ ಆಕ್ಷೇಪ ಬರುತ್ತದೆ, ಅದೂ ಕ್ರೈಸ್ತರಿಂದಲೇ. ಇಂಥ ಮನೆಯಲ್ಲಿ ಇರುವುದೇ ಏಕೆ? ಗ್ರೀಕ್-ರೋಮನ್ ದೇವತೆಗಳ ಹೆಸರು, ಬಲಿಪೀಠದಂಥ ಮೇಜು, ಗುಟ್ಟಿನ ಪ್ರಮಾಣ, ಇವೆಲ್ಲ ವಿಗ್ರಹಾರಾಧನೆಯಲ್ಲವೇ? ಕರಿಯರ ಚರ್ಚುಗಳಲ್ಲಿ ಈ ಪ್ರಶ್ನೆ ಈಚೆಗೆ ಕಾವೇರಿದೆ. ಮಿನರ್ವಾ ದೇವತೆಯನ್ನು ಸಂಕೇತವಾಗಿಟ್ಟುಕೊಂಡ ಡೆಲ್ಟಾ ಸಿಗ್ಮಾ ಥೀಟಾದಂಥ ಸಂಸ್ಥೆಗಳನ್ನು ತೊರೆದವರು ಅದನ್ನು ವಿಡಿಯೊ ಮಾಡಿ ಎಲ್ಲರಿಗೂ ತೋರಿಸುವುದುಂಟು. ಅವರ ಪ್ರಾಮಾಣಿಕತೆಯನ್ನು ನಾನು ಶಂಕಿಸುವುದಿಲ್ಲ. ಆದರೆ ಅಪೊಸ್ತಲ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಈ ಪ್ರಶ್ನೆಗೆ ಕೊಟ್ಟ ಉತ್ತರ ಅವರ ಉತ್ತರಕ್ಕಿಂತ ಸೂಕ್ಷ್ಮವಾಗಿದೆ. ಕೊರಿಂಥದಲ್ಲಿ ಮಾರುಕಟ್ಟೆಯ ಮಾಂಸದಲ್ಲಿ ಗುಡಿಗಳಿಂದ ಬಂದದ್ದೂ ಇರುತ್ತಿತ್ತು. ಅನ್ಯಧರ್ಮದವನು ಊಟಕ್ಕೆ ಕರೆದರೆ ಹೋಗು, ಬಡಿಸಿದ್ದನ್ನು ಪ್ರಶ್ನೆ ಕೇಳದೆ ತಿನ್ನು ಎಂಬುದು ಪೌಲನ ಮಾತಿನ ಸಾರ. ವಿಗ್ರಹ ಎಂಬುದರಲ್ಲಿ ಏನೂ ಇಲ್ಲವೆಂದು ಅವನಿಗೆ ಗೊತ್ತು. ಆದರೂ ಗುಡಿಯ ಪಂಕ್ತಿಯಲ್ಲೇ ಕೂತು ಆ ಪೂಜೆಯಲ್ಲಿ ಪಾಲುಗೊಳ್ಳಬೇಡ ಎನ್ನುತ್ತಾನೆ. ನಿನ್ನ ಸ್ವಾತಂತ್ರ್ಯದಿಂದ ಬಲಹೀನನಾದ ಸಹೋದರ ಹಾಳಾಗುವುದಾದರೆ ಆ ಸ್ವಾತಂತ್ರ್ಯವನ್ನು ಬಿಟ್ಟುಕೊಡು ಎಂದೂ ಹೇಳುತ್ತಾನೆ. ಹೀಗೆ ನೋಡಿದರೆ ಮಿನರ್ವಾಳ ಹೆಸರಿನಿಂದ ಯಾರಿಗೂ ಅಪಾಯವಿಲ್ಲ, ಆಕೆಯನ್ನು ನಂಬುವವರೇ ಇಲ್ಲ. ಆ ಮನೆಗಳಲ್ಲಿ ನಿಜವಾದ ಆರಾಧನೆ ಸಲ್ಲುತ್ತಿರುವುದು ಮನೆಗೇ, ಅದರ ಹೆಸರಿಗೆ, ಅದರ ಮಾನಕ್ಕೆ. ಬಲಹೀನರನ್ನು ಅದು ನಿಜವಾಗಿಯೇ ಬಲಿ ಕೇಳಿದೆ, ಪಡೆದಿದೆ.

2017ರ ಫೆಬ್ರವರಿಯಲ್ಲಿ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಬೀಟಾ ಥೀಟಾ ಪೈ ಮನೆಯಲ್ಲಿ ಆದದ್ದನ್ನು ನೆನಪಿಸಿಕೊಳ್ಳಿ. ಹೊಸದಾಗಿ ಸೇರಿದವರಿಗೆ ಸರದಿಯಲ್ಲಿ ಮದ್ಯ ಕುಡಿಸಿದರು. 19 ವರ್ಷದ ಹುಡುಗನೊಬ್ಬ ನೆಲಮಾಳಿಗೆಯ ಮೆಟ್ಟಿಲಿನಿಂದ ಬಿದ್ದ. ಸುಮಾರು 12 ಗಂಟೆಗಳ ಕಾಲ ಯಾರೂ ಆಂಬುಲೆನ್ಸಿಗೆ ಫೋನು ಮಾಡಲಿಲ್ಲ, ಆತ ಉಳಿಯಲಿಲ್ಲ. ಕಾಗದದ ಮೇಲೆ ಅದು ಮದ್ಯ ನಿಷೇಧಿಸಿದ ಮನೆ. ಸಹಾಯಕ್ಕೆ ಕರೆಯಬೇಕು ಎಂದು ಒಬ್ಬ ಸದಸ್ಯ ಆ ರಾತ್ರಿಯೇ ಒತ್ತಾಯಿಸಿದ್ದ; ಅವನನ್ನು ಗೋಡೆಗೆ ದೂಡಿದರು ಎಂಬ ಸಂಗತಿ ಗ್ರ್ಯಾಂಡ್ ಜ್ಯೂರಿಯ ವರದಿಯಲ್ಲಿದೆ. ನಮ್ಮ ಕಾಲೇಜುಗಳ ರ್‍ಯಾಗಿಂಗಿಗೂ ಈ ‘ಹೇಜಿಂಗ್’ಗೂ ಒಂದು ಮುಖ್ಯ ವ್ಯತ್ಯಾಸವಿದೆ: ಇಲ್ಲಿ ಹೊಸಬ ಸಿಕ್ಕಿಬೀಳುತ್ತಾನೆ, ಅಲ್ಲಿ ತಾನೇ ಬಯಸಿ ಬರುತ್ತಾನೆ, ಒಳಗಿನವನಾಗುವ ಆಸೆಗೆ ಎಲ್ಲವನ್ನೂ ಸಹಿಸುತ್ತಾನೆ. ಸಹಿಸಿದ ಮೇಲೆ ಮುಂದಿನ ವರ್ಷ ಅವನೇ ಬೇರೆಯವರಿಗೆ ಮಾಡುತ್ತಾನೆ. ಬೈಬಲಿನ ದಾನಿಯೇಲನ ಕಥೆಯಲ್ಲಿ ದೊರೆಯ ಊಟವನ್ನು ಒಲ್ಲೆನೆಂದ ಹುಡುಗರು ಅರಮನೆ ಬಿಟ್ಟು ಹೋಗಲಿಲ್ಲ, ಅಲ್ಲೇ ಇದ್ದು ಒಲ್ಲೆನೆಂದರು. ಹೊಸ ಸದಸ್ಯನಾಗಿ ಬಾಟಲಿಯನ್ನು ಬೇಡವೆನ್ನುವುದು ಒಂದು ಹಂತ. ಎರಡನೆಯ ವರ್ಷ, ಅಧಿಕಾರ ತನ್ನ ಕೈಗೆ ಬಂದಾಗ, ಆ ಬಾಟಲಿಯನ್ನು ಇನ್ನೊಬ್ಬನ ಕೈಗೆ ಕೊಡಲು ಒಪ್ಪದಿರುವುದು ಅದಕ್ಕಿಂತ ಕಷ್ಟದ್ದು, ಮತ್ತು ನನ್ನ ಮಟ್ಟಿಗೆ ನಂಬಿಕೆಯ ಹೆಚ್ಚು ನಂಬಲರ್ಹ ಸಾಕ್ಷಿ.

ಗುಟ್ಟಿನ ವಿಚಾರ ಹಳೆಯದು. 1826ರಲ್ಲಿ ಫ್ರೀಮೇಸನರೆಂಬ ಗುಪ್ತಸಂಘದ ರಹಸ್ಯಗಳನ್ನು ಅಚ್ಚು ಹಾಕಿಸುತ್ತೇನೆಂದ ವಿಲಿಯಂ ಮಾರ್ಗನ್ ನ್ಯೂಯಾರ್ಕ್ ರಾಜ್ಯದಲ್ಲಿ ಕಾಣೆಯಾದ ಮೇಲೆ ಗುಪ್ತಸಂಘಗಳ ವಿರುದ್ಧ ದೊಡ್ಡ ಅಲೆಯೆದ್ದಿತು. ಆ ಒತ್ತಡದಲ್ಲೇ ಫೈ ಬೀಟಾ ಕಪ್ಪಾ ತನ್ನ ಗುಟ್ಟನ್ನು ಕೈಬಿಟ್ಟಿತು. ಸ್ವತಃ ಮೇಸನ್ ಆಗಿದ್ದು ಹೊರಬಂದ ಧರ್ಮಪ್ರಚಾರಕ ಚಾರ್ಲ್ಸ್ ಫಿನ್ನಿ 1869ರಲ್ಲಿ ಫ್ರೀಮೇಸನರ ವಿರುದ್ಧ ಪುಸ್ತಕವನ್ನೇ ಬರೆದ. ಇಲಿನಾಯಿಯ ವೀಟನ್ ಕಾಲೇಜಿನ ಮೊದಲ ಅಧ್ಯಕ್ಷ ಜೊನಾಥನ್ ಬ್ಲ್ಯಾಂಚರ್ಡ್ ಗುಪ್ತಸಂಘಗಳ ಕಡು ವಿರೋಧಿ. ಗುಲಾಮಗಿರಿಯನ್ನು ವಿರೋಧಿಸಿದ ಇವರೇ ಗುಪ್ತ ಪ್ರಮಾಣಗಳನ್ನೂ ವಿರೋಧಿಸಿದ್ದು ಆಕಸ್ಮಿಕವಲ್ಲ. ಒಳಗೆ ಏನು ಮಾಡಬೇಕಾಗುತ್ತದೆ ಎಂದು ತಿಳಿಯುವ ಮುಂಚೆಯೇ ನಿಷ್ಠೆಯ ಆಣೆ ಇಡುವುದು ಮನಸ್ಸಾಕ್ಷಿಯನ್ನು ಒತ್ತೆಯಿಟ್ಟಂತೆ ಎಂಬುದು ಅವರ ವಾದ. ಪರ್ವತ ಪ್ರಸಂಗದಲ್ಲಿ ಯೇಸು ಆಣೆಯನ್ನೇ ಬೇಡವೆಂದದ್ದು ಅವರ ಬೆಂಬಲಕ್ಕಿತ್ತು. ನಾನು ಅವರೊಡನೆ ಅರ್ಧದಾರಿ ಹೋಗುತ್ತೇನೆ. ಗುಟ್ಟಿನ ಹಸ್ತಲಾಘವ, ಗುಟ್ಟಿನ ಹಾಡು, ದೀಕ್ಷೆಯ ರಾತ್ರಿಯ ಮೇಣದಬತ್ತಿ ಇವುಗಳಿಂದ ಯಾರಿಗೂ ಕೇಡಿಲ್ಲ. ಗಾಯಗೊಂಡವನ ವಿಷಯ ಹೊರಗೆ ಹೋಗಬಾರದು ಎಂದಾಗ ಮಾತ್ರ ಆ ಪ್ರಮಾಣ ಬೀಳುತ್ತದೆ. ಸೇರುವ ದಿನವೇ ಇದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಇರುವವರು ಸೇರಲಿ.

ಹಾಗಾದರೆ ಕ್ರೈಸ್ತರದೇ ಮನೆ ಕಟ್ಟಿಕೊಂಡರಾಗದೇ? ಕಟ್ಟಿಕೊಂಡಿದ್ದಾರೆ. ಲಾಸ್ ಏಂಜಲೀಸಿನಲ್ಲಿ 1925ರಲ್ಲಿ ಆಲ್ಫಾ ಡೆಲ್ಟಾ ಕೈ ಸೊರೊರಿಟಿ, 1927ರಲ್ಲಿ ಆಲ್ಫಾ ಗಾಮಾ ಒಮೆಗಾ, ಆಸ್ಟಿನ್‌ನಲ್ಲಿ 1985ರಲ್ಲಿ ಬೀಟಾ ಉಪ್ಸಿಲಾನ್ ಕೈ ಹುಟ್ಟಿದವು. ಸದಸ್ಯರು ಕ್ರೈಸ್ತರೇ ಆಗಿರಬೇಕೆಂಬ ಅವುಗಳ ನಿಯಮ ವಿಶ್ವವಿದ್ಯಾಲಯಗಳ ಭೇದಭಾವ ವಿರೋಧಿ ನೀತಿಗೆ ಡಿಕ್ಕಿ ಹೊಡೆದು ನ್ಯಾಯಾಲಯಕ್ಕೆ ಹೋಯಿತು. ಫ್ಲಾರಿಡಾ ವಿಶ್ವವಿದ್ಯಾಲಯ 2009ರಲ್ಲಿ ತನ್ನ ನೀತಿಯನ್ನೇ ತಿದ್ದಿಕೊಂಡಿತು. ಮರುವರ್ಷ ಹೇಸ್ಟಿಂಗ್ಸ್ ಕಾನೂನು ಕಾಲೇಜಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮಾನ್ಯತೆ ಬೇಕಾದ ಸಂಘ ಎಲ್ಲರನ್ನೂ ಸೇರಿಸಿಕೊಳ್ಳಬೇಕೆಂದು ಕಾಲೇಜು ಕೇಳಬಹುದು ಎಂದು 5-4ರ ಬಹುಮತದಿಂದ ಹೇಳಿತು. 2011ರಲ್ಲಿ ಸ್ಯಾನ್ ಡಿಯಾಗೊ ಸ್ಟೇಟ್‌ನ ಮೊಕದ್ದಮೆಯಲ್ಲೂ ಕ್ರೈಸ್ತ ಕೂಟಗಳಿಗೆ ಪೂರ್ಣ ಗೆಲುವು ಸಿಗಲಿಲ್ಲ. ಒಂದು ನಂಬಿಕೆಯ ಸುತ್ತ ಸೇರಿದವರು ಆ ನಂಬಿಕೆಯನ್ನು ಸದಸ್ಯತ್ವಕ್ಕೆ ಷರತ್ತಾಗಿಸುವುದು ನನಗೆ ಅನ್ಯಾಯವಾಗಿ ಕಾಣುವುದಿಲ್ಲ. ಅವರು ಅದನ್ನು ಬಾಗಿಲಲ್ಲೇ ಹೇಳುತ್ತಾರೆ. ಆದರೆ ಎಲ್ಲರೂ ಕ್ರೈಸ್ತರೇ ಇರುವಲ್ಲಿ ನಂಬಿಕೆಯನ್ನು ತೋರಿಸಿಕೊಳ್ಳಲು ತೆರಬೇಕಾದ ಬೆಲೆ ಕಡಿಮೆ. ನಮ್ಮ ಪ್ರಶ್ನೆಗೆ ಅಲ್ಲಿ ಉತ್ತರ ಸಿಗುವುದಿಲ್ಲ.

ಇನ್ನೊಂದು ಆಕ್ಷೇಪ ಹೊರಗಿನವರದು, ಅದಕ್ಕೆ ತೂಕ ಹೆಚ್ಚು. ಇಂದು ಆ ಮನೆಗಳಲ್ಲಿ ಯಹೂದಿಗಳು, ಮುಸ್ಲಿಮರು, ಹಿಂದೂಗಳು, ಏನನ್ನೂ ನಂಬದವರು ಇದ್ದಾರೆ. ಡಲ್ಲಾಸಿನಲ್ಲೋ ಸ್ಯಾನ್ ಹೋಸೆಯಲ್ಲೋ ಬೆಳೆದ ಕನ್ನಡ ಮನೆಯ ಹುಡುಗ ಶಿಲುಬೆಯ ಲಾಂಛನವಿರುವ ಫ್ರೆಟರ್ನಿಟಿಗೆ ಸೇರಿದರೆ, ಸಭೆಯ ಪ್ರಾರ್ಥನೆಗೆ ತಲೆಬಾಗಿಸಿ ನಿಲ್ಲಬೇಕಾದ ಇಕ್ಕಟ್ಟು ಅವನದು. ಬಹುಸಂಖ್ಯಾತರ ಬಹಿರಂಗ ಭಕ್ತಿ ಅಲ್ಪಸಂಖ್ಯಾತನಿಗೆ ಒತ್ತಡವಾಗುವುದನ್ನು ಭಾರತದಲ್ಲಿರುವ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಬೀದಿಯಲ್ಲಿ ಕಾಣುವಂತೆ ಪ್ರಾರ್ಥಿಸುವವರನ್ನು ಯೇಸು ಟೀಕಿಸಿದ್ದಾನೆ, ಕೋಣೆಯ ಬಾಗಿಲು ಮುಚ್ಚಿ ಪ್ರಾರ್ಥಿಸು ಎಂದಿದ್ದಾನೆ. ಅದೇ ಪರ್ವತ ಪ್ರಸಂಗದಲ್ಲಿ ದೀಪವನ್ನು ಮುಚ್ಚಿಡಬೇಡ ಎಂದೂ ಹೇಳಿದ್ದಾನೆ. ಎರಡೂ ಒಂದೇ ಬಾಯಿಂದ ಬಂದಿವೆ, ಮತ್ತು ದೀಪದ ಮಾತು ಬರುವಲ್ಲಿ ಜನ ನೋಡಬೇಕಾದದ್ದು ಪ್ರಾರ್ಥನೆಯನ್ನಲ್ಲ, ಒಳ್ಳೆಯ ಕೆಲಸಗಳನ್ನು. ಆದ್ದರಿಂದ ನಾನು ಹೇಳುತ್ತಿರುವ ಬಹಿರಂಗತೆಯಿಂದ ಆ ಕನ್ನಡದ ಹುಡುಗನಿಗೆ ಮುಜುಗರವಾಗಬೇಕಿಲ್ಲ. ಸದಸ್ಯತ್ವದ ಮತದಾನದ ರಾತ್ರಿ ಅವನ ಬಣ್ಣವನ್ನೋ ಹೆಸರನ್ನೋ ಹಾಸ್ಯ ಮಾಡಿದಾಗ ಕ್ರೈಸ್ತ ಸದಸ್ಯನೊಬ್ಬ ಎದ್ದು ನಿಂತರೆ ಅವನಿಗೆ ಸಿಗುವುದು ರಕ್ಷಣೆ. ಸಭೆಯ ಕಡ್ಡಾಯ ಪ್ರಾರ್ಥನೆಯನ್ನು ಮೌನಕ್ಕೆ ಬದಲಾಯಿಸಬೇಕೆಂದು ಚಾಪ್ಲಿನ್ನನೇ ಸೂಚಿಸಿದರೂ ಕ್ರೈಸ್ತಧರ್ಮಕ್ಕೆ ನಷ್ಟವೇನಿಲ್ಲ.

ಕೊನೆಯ ಆಕ್ಷೇಪ ಮನೆಯ ಒಳಗಿನವರದು: ಇದು ದ್ರೋಹ. ಅಣ್ಣತಮ್ಮಂದಿರೆಂದು ಕೈಹಿಡಿದವರನ್ನು ಡೀನನ ಮುಂದೆ, ಪತ್ರಿಕೆಯ ಮುಂದೆ ನಿಲ್ಲಿಸುವವನು ಎಂಥ ಸಹೋದರ? ಈ ಮಾತಿಗೆ ನೈತಿಕ ಬಲವಿದೆ. ದೂರು ಕೊಡುವವನು ತಾನು ಮೇಲಿನವನೆಂದು ಬೀಗುವ ಅಪಾಯವೂ ಇದೆ. ಮತ್ತಾಯನ ಸುವಾರ್ತೆ ಹೇಳುವ ಕ್ರಮ ಇಲ್ಲಿ ಉಪಯುಕ್ತ: ಮೊದಲು ಒಬ್ಬನೇ ಹೋಗಿ ಹೇಳು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಮೇಲೆ ಸಭೆಗೆ ತಿಳಿಸು. ಪ್ರಾಣಕ್ಕೆ ಕುತ್ತಿದ್ದಾಗ ಮಾತ್ರ ಈ ಕ್ರಮಕ್ಕೆ ಸಮಯವಿಲ್ಲ, ನೇರ ಫೋನು. ಜರ್ಮನಿಯ ದೇವತಾಶಾಸ್ತ್ರಜ್ಞ ಡೀಟ್ರಿಕ್ ಬಾನ್‌ಹೋಫರ್ ಟ್ಯೂಬಿಂಗೆನ್‌ನಲ್ಲಿ ಓದುವಾಗ ‘ಇಗೆಲ್’ ಎಂಬ ವಿದ್ಯಾರ್ಥಿ ಕೂಟಕ್ಕೆ ಸೇರಿದ್ದರು. ಅವರ ತಂದೆಯೂ ಅದರ ಹಳೆಯ ಸದಸ್ಯರು. ನಾಜಿಗಳ ಕಾಲದಲ್ಲಿ ಆ ಕೂಟ ಯಹೂದಿಗಳನ್ನು ಹೊರಗಿಡುವ ನಿಯಮ ಒಪ್ಪಿಕೊಂಡಾಗ ಬಾನ್‌ಹೋಫರ್ ರಾಜೀನಾಮೆ ಕೊಟ್ಟರು. ಅವರು ಸಹೋದರತ್ವದ ಶತ್ರುವಾಗಿರಲಿಲ್ಲ. ಕ್ರೈಸ್ತರು ಒಟ್ಟಾಗಿ ಬಾಳುವ ಬಗ್ಗೆಯೇ ಒಂದು ಪುಸ್ತಕ ಬರೆದವರು. ಇತ್ತ ಮಾರ್ಟಿನ್ ಲೂಥರ್ ಕಿಂಗ್, ಆಗಲೇ ಬ್ಯಾಪ್ಟಿಸ್ಟ್ ಪಾದ್ರಿಯಾಗಿದ್ದವರು, 1952ರಲ್ಲಿ ಬಾಸ್ಟನ್ನಿನಲ್ಲಿ ಆಲ್ಫಾ ಫೈ ಆಲ್ಫಾಕ್ಕೆ ಸೇರಿದರು, ಕೊನೆಯವರೆಗೂ ಅದರ ಸದಸ್ಯರಾಗಿಯೇ ಉಳಿದರು. ವಾಷಿಂಗ್ಟನ್ನಿನಲ್ಲಿ 2011ರಲ್ಲಿ ಉದ್ಘಾಟನೆಯಾದ ಅವರ ಸ್ಮಾರಕದ ಯೋಜನೆ ಹೊರಟದ್ದೇ ಆ ಫ್ರೆಟರ್ನಿಟಿಯಿಂದ. ಒಬ್ಬರು ಬಿಟ್ಟರು, ಒಬ್ಬರು ಉಳಿದರು. ಎರಡೂ ಸರಿ ಎಂದೇ ನನ್ನ ತೀರ್ಮಾನ. ಇರಬೇಕೋ ಬಿಡಬೇಕೋ ಎಂಬುದನ್ನು ನಿರ್ಧರಿಸಬೇಕಾದದ್ದು ಮನೆಯ ಗ್ರೀಕ್ ಹೆಸರಲ್ಲ, ತಪ್ಪನ್ನು ತಪ್ಪೆಂದು ಹೇಳಲು ಅಲ್ಲಿ ಜಾಗ ಉಳಿದಿದೆಯೇ ಎಂಬುದು.

ಈಗ ಕಾನೂನು ಕೂಡ ಆ ಜಾಗವನ್ನು ಸ್ವಲ್ಪ ಅಗಲ ಮಾಡಿದೆ. 2024ರ ಡಿಸೆಂಬರಿನಲ್ಲಿ ಅಂಗೀಕಾರಗೊಂಡ ಕ್ಯಾಂಪಸ್ ಹೇಜಿಂಗ್ ತಡೆ ಕಾಯ್ದೆಯ ಪ್ರಕಾರ ಅಮೆರಿಕದ ಕಾಲೇಜುಗಳು ಹೇಜಿಂಗ್ ಪ್ರಕರಣಗಳ ಲೆಕ್ಕ ಕೊಡಬೇಕು, ತಪ್ಪಿತಸ್ಥವೆಂದು ಸಾಬೀತಾದ ವಿದ್ಯಾರ್ಥಿ ಸಂಘಟನೆಗಳ ಹೆಸರುಗಳನ್ನು ಸಾರ್ವಜನಿಕ ವರದಿಯಲ್ಲಿ ಪ್ರಕಟಿಸಬೇಕು. ಮಗನನ್ನೋ ಮಗಳನ್ನೋ ಇಂಥ ಮನೆಗೆ ಕಳಿಸುವ ತಂದೆತಾಯಿ, ಕ್ರೈಸ್ತರಿರಲಿ ಬೇರೆಯವರಿರಲಿ, ಮನೆಯ ಲಾಂಛನದಲ್ಲಿ ಏನಿದೆ ಎಂದು ನೋಡುವ ಮುಂಚೆ ಆ ವರದಿಯನ್ನು ಓದಲಿ.